ಊರಿಗೆ ಹೊರಡುವ ಕಾರು: ಸವೆದ ಶಾಕ್ ಅಬ್ಸಾರ್ಬರ್ ಕಡೆಗೂ ಇರಲಿ ಗಮನ

ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯಿತೆಂದರೆ ಮುಂಬಯಿ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಮದುವೆ, ಗೃಹಪ್ರವೇಶ, ನೇಮೋತ್ಸವ, ಬ್ರಹ್ಮಕಲಶ ಎಂದು ಎಪ್ರಿಲ್-ಮೇ ತಿಂಗಳಲ್ಲಿ ಊರಿಗೆ ಹೋಗಲು ಕಾರಣಗಳಿಗೆ ಕೊರತೆ ಇರುವುದಿಲ್ಲ. ಮಳೆಗಾಲದ ನಡುವೆ ಚೌತಿ ಬಂದಾಗ ಇನ್ನೊಮ್ಮೆ ಅದೇ ಸಡಗರ. ಒಂದು ಕಾಲದಲ್ಲಿ ಈ ಪ್ರಯಾಣವೆಂದರೆ ರಾತ್ರಿ ಬಸ್ಸು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ರೈಲಿನ ಪ್ರಯಾಣ ರೂಢಿಯಾಯಿತು. ಆದರೆ ರಜೆಯ ದಿನಗಳಲ್ಲಿ ರೈಲಿನ ಟಿಕೆಟು ಕೈಗೆ ಸಿಗುವುದು ಸುಲಭವಲ್ಲ. ಹೀಗಾಗಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅಜ್ಜಿ, ಡಿಕ್ಕಿ ತುಂಬ ಬ್ಯಾಗು, ಮೇಲಿನ ಕ್ಯಾರಿಯರ್‌ನಲ್ಲಿ ಇನ್ನೆರಡು ಗಂಟು, ಇಷ್ಟನ್ನೂ ಹೊತ್ತುಕೊಂಡು ಬೆಳಗಿನ ನಾಲ್ಕು ಗಂಟೆಗೆ ಡೊಂಬಿವಲಿ, ಮೀರಾರೋಡ್, ನೆರೂಲ್‌ಗಳಿಂದ ಹೊರಡುವ ಸ್ವಂತ ಕಾರುಗಳು ಈಗ ಸಾಮಾನ್ಯ ದೃಶ್ಯ.

ಹೊರಡುವ ಮುನ್ನ ಸಿದ್ಧತೆಗೇನೂ ಕಡಿಮೆಯಿಲ್ಲ. ಇಂಜಿನ್ ಆಯಿಲ್ ಬದಲಿಸಲಾಗುತ್ತದೆ. ಎ.ಸಿ. ಸರಿಯಾಗಿ ತಂಪು ಕೊಡುತ್ತದೆಯೇ ಎಂದು ನೋಡಲಾಗುತ್ತದೆ. ಟಯರ್‌ಗೆ ಗಾಳಿ, ಫಾಸ್ಟ್ಯಾಗ್‌ಗೆ ಹಣ, ಅಜ್ಜಿಯ ಮಾತ್ರೆ, ಮಕ್ಕಳ ತಿಂಡಿ ಎಲ್ಲವೂ ಪಟ್ಟಿಯಲ್ಲಿರುತ್ತವೆ. ಕೊನೆಗೆ ನಾಲ್ಕು ಚಕ್ರಗಳಡಿ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು ಹೊರಡುವುದು ಪದ್ಧತಿ. ಆದರೆ ಆ ಲಿಂಬೆಹಣ್ಣು ಇಡಲು ಬಗ್ಗಿದವರು ಇನ್ನೊಂದು ಗೇಣು ಮೇಲೆ, ಚಕ್ರದ ಹಿಂದಿನ ಕತ್ತಲಿಗೆ ಕಣ್ಣು ಹಾಯಿಸುವುದಿಲ್ಲ. ಅಲ್ಲಿ ಧೂಳು, ಕೆಸರು ಮೆತ್ತಿಕೊಂಡು ನಿಂತಿರುವ ಶಾಕ್ ಅಬ್ಸಾರ್ಬರ್ ಮತ್ತು ಅದರ ಸ್ಪ್ರಿಂಗ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಸವೆದ ಶಾಕ್ ಅಬ್ಸಾರ್ಬರ್ ಎಂದರೆ ಸ್ವಲ್ಪ ಕುಲುಕಾಟ, ಸ್ವಲ್ಪ ಸೊಂಟನೋವು, ಇಷ್ಟೇ ಎಂದು ಬಹುಮಂದಿ ತಿಳಿದಿದ್ದಾರೆ. ಈ ತಿಳುವಳಿಕೆಯೇ ತಪ್ಪು. ಅದು ಸುಖದ ವಿಷಯ ಮಾತ್ರವಲ್ಲ. ಬ್ರೇಕು, ಟಯರುಗಳಂತೆ ಅದೂ ಜೀವರಕ್ಷಣೆಯ ವಿಷಯ. ಮಹಾನಗರದಿಂದ ಮಂಗಳೂರಿಗೆ ಸುಮಾರು 900 ಕಿ.ಮೀ. ದೂರ. ಅಷ್ಟು ದೂರ ಇಡೀ ಕುಟುಂಬವನ್ನು ಹೊತ್ತೊಯ್ಯುವ ಕಾರಿನ ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳು ಸವೆದಿದ್ದರೆ ಅವನ್ನು ಬದಲಿಸದೆ ಹೊರಡುವುದು ಜಾಣತನವಲ್ಲ.

ಭಾರ ಹೊರುವುದು ಒಂದು, ಕುಣಿತ ನಿಲ್ಲಿಸುವುದು ಇನ್ನೊಂದು

ಗ್ಯಾರೇಜಿನ ಭಾಷೆಯಲ್ಲಿ 'ಶಾಕರ್', 'ಶಾಕಪ್' ಎಂದು ಕರೆಸಿಕೊಳ್ಳುವ ಈ ಭಾಗದ ಕೆಲಸವೇನು ಎಂಬುದರಲ್ಲಿಯೇ ಗೊಂದಲವಿದೆ. ಕಾರಿನ ಭಾರವನ್ನು ಹೊರುವುದು ಶಾಕ್ ಅಬ್ಸಾರ್ಬರ್ ಅಲ್ಲ, ಅದರ ಸುತ್ತ ಇರುವ ಸುರುಳಿ ಸ್ಪ್ರಿಂಗ್. ಹೊಂಡಕ್ಕೆ ಚಕ್ರ ಬಿದ್ದಾಗ ಪೆಟ್ಟನ್ನು ನುಂಗುವುದೂ ಸ್ಪ್ರಿಂಗೇ. ಆದರೆ ಸ್ಪ್ರಿಂಗಿಗೆ ಒಂದು ದೋಷವಿದೆ. ಒಮ್ಮೆ ಕುಗ್ಗಿದರೆ ಅದು ಸುಮ್ಮನಾಗುವುದಿಲ್ಲ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಒಮ್ಮೆ ತಳ್ಳಿದ ಉಯ್ಯಾಲೆ ಯಾರಾದರೂ ಹಿಡಿದು ನಿಲ್ಲಿಸುವ ತನಕ ತೂಗುತ್ತಿರುವಂತೆಯೇ ಇದು. ಉಯ್ಯಾಲೆಯನ್ನು ಹಿಡಿದು ನಿಲ್ಲಿಸುವ ಆ ಕೈಯ ಕೆಲಸವನ್ನು ಕಾರಿನಲ್ಲಿ ಶಾಕ್ ಅಬ್ಸಾರ್ಬರ್ ಮಾಡುತ್ತದೆ.

ಅದರ ಒಳಗೆ ಎಣ್ಣೆ ತುಂಬಿದ ಕೊಳವೆ, ಕೊಳವೆಯೊಳಗೆ ಸಣ್ಣ ಸಣ್ಣ ರಂಧ್ರ ಮತ್ತು ವಾಲ್ವ್‌ಗಳಿರುವ ಪಿಸ್ಟನ್ ಇರುತ್ತದೆ. ಚಕ್ರ ಮೇಲೆ ಕೆಳಗೆ ಆದಾಗ ಪಿಸ್ಟನ್ ಎಣ್ಣೆಯ ನಡುವೆ ಚಲಿಸಬೇಕು, ಎಣ್ಣೆ ಆ ಸಣ್ಣ ದಾರಿಗಳಲ್ಲಿ ನುಸುಳಬೇಕು. ಇಂಜೆಕ್ಷನ್ ಸಿರಿಂಜಿನಲ್ಲಿ ನೀರು ತುಂಬಿ ಒತ್ತಿದಾಗ ಕೈಗೆ ಸಿಗುವ ತಡೆಯೇ ಇಲ್ಲಿಯೂ ಸಿಗುತ್ತದೆ. ಕುಣಿತದ ಶಕ್ತಿ ಎಣ್ಣೆಯ ಬಿಸಿಯಾಗಿ ಕರಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿ ಬಂದ ಕಾರಿನ ಶಾಕ್ ಅಬ್ಸಾರ್ಬರ್ ಬಿಸಿಯಾಗಿರುವುದು ಇದರಿಂದಲೇ. ವರ್ಷಗಳು ಕಳೆದಂತೆ ಒಳಗಿನ ಸೀಲು ಸವೆಯುತ್ತದೆ, ಎಣ್ಣೆ ಸೋರುತ್ತದೆ, ವಾಲ್ವ್‌ಗಳು ಸಡಿಲವಾಗುತ್ತವೆ. ಆಗ ಉಯ್ಯಾಲೆಯನ್ನು ಹಿಡಿಯುವ ಕೈಯೇ ಇಲ್ಲದಂತಾಗುತ್ತದೆ.

ಪರಿಣಾಮ ಸರಳವಾದುದು, ಆದರೆ ಗಂಭೀರವಾದುದು. ಬ್ರೇಕು ಹಿಡಿಯುವುದು ಚಕ್ರವನ್ನು. ಆದರೆ ಕಾರನ್ನು ನಿಲ್ಲಿಸುವುದು ಟಯರು ಮತ್ತು ರಸ್ತೆಯ ನಡುವಿನ ಹಿಡಿತ. ಚಕ್ರ ಕುಣಿಯುತ್ತಿದ್ದರೆ ಟಯರು ರಸ್ತೆಯನ್ನು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಮುಟ್ಟುತ್ತದೆ. ಸಡಿಲವಾದ ಆ ಕ್ಷಣದಲ್ಲಿ ಎಷ್ಟು ಹೊಸ ಬ್ರೇಕ್ ಪ್ಯಾಡ್ ಇದ್ದರೂ, ಎ.ಬಿ.ಎಸ್. ಇದ್ದರೂ ಪ್ರಯೋಜನ ಕಡಿಮೆ. ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರಿನಲ್ಲಿ ಟಯರು ಜಾರುವ ಅಪಾಯವೂ ಹೆಚ್ಚು. ಚೌತಿಗೆ ಹೊರಡುವವರು ಹಾದುಹೋಗುವುದು ಕೊಂಕಣದ ಸುರಿಮಳೆಯಲ್ಲಿ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಇನ್ನೊಂದು ಅಂಶವೂ ಇದೆ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವಿನ್ಯಾಸವನ್ನೇ ಇಂದು ಹೆಚ್ಚಿನ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳ ಮುಂಭಾಗಕ್ಕೆ ಬಳಸಲಾಗುತ್ತದೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಇದೇ ಇತ್ತು. ಆ ಬಳಿಕ ಬಂದ ವ್ಯಾಗನ್-ಆರ್, ಸ್ವಿಫ್ಟ್, ಸ್ಯಾಂಟ್ರೋ, ಐ10 ಕಾರುಗಳಲ್ಲೂ ಇದೇ. ಈ ವಿನ್ಯಾಸದಲ್ಲಿ ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ಜೋಡಿಸಿದ ಬಿಡಿಭಾಗವಲ್ಲ, ಮುಂದಿನ ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕಂಬವೂ ಅದೇ. ಸ್ಟಿಯರಿಂಗ್ ತಿರುಗಿಸಿದಾಗ ಅದೂ ಚಕ್ರದೊಡನೆ ತಿರುಗುತ್ತದೆ. ಹಾಗಾಗಿ ಮುಂದಿನ ಶಾಕ್ ಅಬ್ಸಾರ್ಬರ್ ಸವೆದರೆ ಕಾರಿನ ಕುಲುಕಾಟ ಮಾತ್ರವಲ್ಲ, ಅದರ ದಿಕ್ಕೂ ಕೆಡುತ್ತದೆ.

ಸವೆತ ಗೊತ್ತಾಗುವುದಿಲ್ಲ ಏಕೆ?

ಬಲ್ಬು ಹೋದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಬ್ಯಾಟರಿ ಹೋದರೆ ಕಾರು ಚಾಲೂ ಆಗುವುದಿಲ್ಲ. ಶಾಕ್ ಅಬ್ಸಾರ್ಬರ್ ಹಾಗಲ್ಲ, ಅದು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಸವೆಯುತ್ತದೆ. ಮೊಣಕಾಲು ನೋವಿದ್ದವರು ತಮಗರಿವಿಲ್ಲದೆ ನಡಿಗೆಯನ್ನು ಬದಲಿಸಿಕೊಳ್ಳುವಂತೆ, ಕಾರು ಓಡಿಸುವವರ ಕೈಯೂ ಕಾಲೂ ಆ ಸವೆತಕ್ಕೆ ಹೊಂದಿಕೊಳ್ಳುತ್ತವೆ. 'ಈ ಕಾರು ಮೊದಲಿಂದಲೂ ಹೀಗೆಯೇ' ಎಂಬ ಭಾವನೆ ಬಂದುಬಿಡುತ್ತದೆ. ಊರಿನಿಂದ ಬಂದ ನೆಂಟರು ಹಿಂದಿನ ಸೀಟಿನಲ್ಲಿ ಕುಳಿತು, 'ಏನು ಮಾರಾಯರೇ, ನಿಮ್ಮ ಕಾರು ಹಡಗಿನ ಹಾಗೆ ತೂಗುತ್ತದಲ್ಲ' ಎಂದಾಗಲೇ ಎಚ್ಚರ. ಮಕ್ಕಳಿಗೂ ಅಜ್ಜಿಗೂ ಪ್ರತಿ ಸಲ ವಾಂತಿಯಾಗುವುದಕ್ಕೆ ಘಾಟಿಯ ತಿರುವುಗಳನ್ನಷ್ಟೇ ದೂರುವ ಬದಲು ಒಮ್ಮೆ ಚಕ್ರದ ಹಿಂದೆಯೂ ನೋಡುವುದು ಒಳ್ಳೆಯದು.

ಸವೆತದ ಗುರುತುಗಳು ಕಷ್ಟದವೇನಲ್ಲ. ಬ್ರೇಕು ಒತ್ತಿದಾಗ ಕಾರಿನ ಮೂತಿ ಕೆಳಗೆ ಬಗ್ಗುವುದು, ರಸ್ತೆಯ ಉಬ್ಬು ದಾಟಿದ ಮೇಲೆ ಮುಂಭಾಗ ಎರಡು ಮೂರು ಸಲ ಕುಣಿಯುವುದು, ತಿರುವಿನಲ್ಲಿ ಅತಿಯಾಗಿ ವಾಲುವುದು, ರಾತ್ರಿ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಏರಿಳಿಯುವುದು, ಸಣ್ಣ ಹೊಂಡಕ್ಕೂ 'ಟಕ್ ಟಕ್' ಸದ್ದು ಬರುವುದು ಮುಖ್ಯವಾದವು. ಟಯರಿನ ಮೈಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳು ಸಿಗುವುದು ಇನ್ನೊಂದು ಗುರುತು. ಶಾಕ್ ಅಬ್ಸಾರ್ಬರ್ ಮೇಲೆ ತೆಳುವಾಗಿ ಎಣ್ಣೆಯ ಪಸೆ ಕಂಡರೆ ಗಾಬರಿ ಬೇಡ, ಅದು ಸಹಜ. ಆದರೆ ಎಣ್ಣೆ ಕೊಳವೆಯುದ್ದಕ್ಕೂ ಇಳಿದು ಧೂಳು ಕೆಸರಾಗಿ ಮೆತ್ತಿಕೊಂಡಿದ್ದರೆ ಅದರ ಆಯುಷ್ಯ ಮುಗಿದಿದೆ ಎಂದೇ ಅರ್ಥ.

ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟು ನೋಡುವ ಹಳೆಯ ಪರೀಕ್ಷೆ ಎಲ್ಲರಿಗೂ ಗೊತ್ತು. ಕಾರು ಒಮ್ಮೆ ಮೇಲೆದ್ದು ಸುಮ್ಮನಾಗಬೇಕು, ಮತ್ತೆ ಮತ್ತೆ ತೂಗಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಈ ಪರೀಕ್ಷೆಯಲ್ಲಿ ಫೇಲಾದರೆ ನಂಬಬಹುದು. ಪಾಸಾದರೆ ಮಾತ್ರ ಪೂರ್ತಿ ನಂಬುವಂತಿಲ್ಲ. ಕೈಯಿಂದ ಒತ್ತುವ ವೇಗಕ್ಕೂ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೊಂಡಕ್ಕೆ ಬೀಳುವ ಚಕ್ರದ ವೇಗಕ್ಕೂ ಬಹಳ ಅಂತರವಿದೆ. ಇಂತಿಷ್ಟೇ ಕಿಲೋಮೀಟರಿಗೆ ಬದಲಿಸಬೇಕೆಂಬ ಕಟ್ಟುನಿಟ್ಟಿನ ಲೆಕ್ಕವೂ ಇಲ್ಲ. ಒಳ್ಳೆಯ ರಸ್ತೆಯಲ್ಲಿ 80 ಸಾವಿರ ಕಿ.ಮೀ. ದಾಟಿ ಬಾಳುವುದು, ಹೊಂಡಗಳ ರಸ್ತೆಯಲ್ಲಿ ಅದರ ಅರ್ಧಕ್ಕೇ ಸೋಲಬಹುದು. ಆದ್ದರಿಂದ 40 ಸಾವಿರ ದಾಟಿದ ಕಾರನ್ನು ಪ್ರತಿ ದೀರ್ಘ ಪ್ರಯಾಣಕ್ಕೆ ಮುನ್ನ ಲಿಫ್ಟ್ ಮೇಲೆ ಏರಿಸಿ ತೋರಿಸುವುದೇ ಸರಿಯಾದ ದಾರಿ.

ಕಾನೂನು ಕೇಳುವುದಿಲ್ಲ

ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದರೆ ಪಿ.ಯು.ಸಿ. ಕೇಳುತ್ತಾರೆ, ವಿಮೆ ಕೇಳುತ್ತಾರೆ, ಲೈಸನ್ಸ್ ಕೇಳುತ್ತಾರೆ. ಪಿ.ಯು.ಸಿ. ನೋಡುವುದು ಹೊಗೆಯನ್ನು ಮಾತ್ರ. ವಿಮೆ ನೋಡುವುದು ಕಂತು ಕಟ್ಟಿದ್ದಾರೆಯೇ ಎಂಬುದನ್ನು. ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ, ಅದನ್ನು ನವೀಕರಿಸುವಾಗಲೇ ವಾಹನದ ತಪಾಸಣೆ. ಅಲ್ಲಿಯವರೆಗೆ ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೂ, ಸ್ಪ್ರಿಂಗ್ ಮುರಿದಿದ್ದರೂ ಸರಕಾರದ ಯಾವ ಕಾಗದವೂ ಅದನ್ನು ಕೇಳುವುದಿಲ್ಲ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಬ್ರಿಟನ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂ.ಒ.ಟಿ. ಎಂಬ ಪರೀಕ್ಷೆ ಕಡ್ಡಾಯ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ತಪಾಸಣೆ ಅದರ ಭಾಗ. ಜರ್ಮನಿ ಮತ್ತು ಜಪಾನ್‌ಗಳಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಭಾರತದಲ್ಲಿ ಆ ಜವಾಬ್ದಾರಿ ಸಂಪೂರ್ಣವಾಗಿ ಕಾರಿನ ಯಜಮಾನನ ಹೆಗಲ ಮೇಲಿದೆ. ಕಾನೂನು ಕೇಳದ ಕಡೆ ವಿವೇಕವೇ ಕೇಳಬೇಕು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟವರು 1,68,491 ಮಂದಿ. ಇವರಲ್ಲಿ ಬಹುಪಾಲು ಸಾವು ಅತಿವೇಗದ ಖಾತೆಗೆ ಸೇರಿದೆ. ಎಲ್ಲ ಅಪಘಾತಗಳಿಗೂ ಶಾಕ್ ಅಬ್ಸಾರ್ಬರ್ ಕಾರಣ ಎನ್ನುವುದು ಮೂರ್ಖತನ. ಅತಿವೇಗ, ನಿದ್ದೆಗಣ್ಣಿನ ಚಾಲನೆ, ಕುಡಿತ, ಸೀಟ್ ಬೆಲ್ಟ್ ಇಲ್ಲದಿರುವುದು ಅದಕ್ಕಿಂತ ದೊಡ್ಡ ಶತ್ರುಗಳು. ಆದರೆ 'ಚಾಲಕನ ನಿಯಂತ್ರಣ ತಪ್ಪಿ ಕಾರು ಮರಕ್ಕೆ ಡಿಕ್ಕಿ' ಎಂಬ ಸುದ್ದಿಯನ್ನು ಓದುವಾಗ ಆ ನಿಯಂತ್ರಣ ಏಕೆ ತಪ್ಪಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಎದುರಿಗೆ ದನ ಬಂದಾಗ ಸ್ಟಿಯರಿಂಗನ್ನು ಒಮ್ಮೆಲೆ ತಿರುಗಿಸಬೇಕಾಗಿ ಬಂದ ಆ ಒಂದು ಕ್ಷಣದಲ್ಲಿ ಕಾರು ನೆಟ್ಟಗೆ ನಿಲ್ಲುವುದೋ ಉರುಳುವುದೋ ಎಂಬುದರಲ್ಲಿ ಚಕ್ರದ ಹಿಂದಿನ ಆ ಕೊಳವೆಯ ಪಾಲೂ ಇದೆ.

'ರಸ್ತೆಯೇ ಸರಿಯಿಲ್ಲ' ಎಂಬ ವಾದ

ಶಾಕ್ ಅಬ್ಸಾರ್ಬರ್ ಬದಲಿಸಿ ಎಂದೊಡನೆ ಕೇಳಿಬರುವ ಮೊದಲ ಮಾತು, 'ರಸ್ತೆ ಸರಿಯಿದ್ದರೆ ತಾನೇ? ಹೊಸತು ಹಾಕಿದರೂ ಆರು ತಿಂಗಳಲ್ಲಿ ಹೋಗುತ್ತದೆ' ಎಂಬುದು. ಈ ಸಿಟ್ಟಿನಲ್ಲಿ ನ್ಯಾಯವಿದೆ. ಪ್ರತಿ ಮಳೆಗಾಲದಲ್ಲೂ ಮಹಾನಗರದ ರಸ್ತೆಗಳು ಹೊಂಡಮಯ. ಮುಂಬಯಿ-ಗೋವಾ ಹೆದ್ದಾರಿಯ ಚತುಷ್ಪಥ ಕಾಮಗಾರಿ 2011ರಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಒಳ್ಳೆಯ ರಸ್ತೆ ನಾಗರಿಕರ ಮೂಲಭೂತ ಹಕ್ಕಿನ ಭಾಗ ಎಂದು ಬಾಂಬೆ ಹೈಕೋರ್ಟ್ 2015ರಲ್ಲಿಯೇ ಹೇಳಿದೆ. ರಸ್ತೆ ಉಬ್ಬುಗಳ ಕಥೆಯೂ ಅಷ್ಟೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ, ನಿಧಾನವಾಗಿ ಏರಿ ಇಳಿಯುವ ಉಬ್ಬು. ಗಲ್ಲಿಗಳಲ್ಲಿ ಕಾಣುವುದು ಮಾತ್ರ ಒಂದು ಗೇಣು ಅಗಲದ ಗೋಡೆ.

ಆದರೆ ಈ ವಾದದ ಕೊನೆಯ ಮೆಟ್ಟಿಲು ತಪ್ಪು. ರಸ್ತೆ ಕೆಟ್ಟದಿದ್ದರೆ ಶಾಕ್ ಅಬ್ಸಾರ್ಬರ್ ಇನ್ನಷ್ಟು ಚೆನ್ನಾಗಿರಬೇಕೇ ಹೊರತು ಕೆಟ್ಟಿದ್ದರೂ ನಡೆಯುತ್ತದೆ ಎಂದಾಗುವುದಿಲ್ಲ. ಮಳೆ ಜೋರಾಗಿದೆ, ಹೇಗೂ ಒದ್ದೆಯಾಗುತ್ತೇವೆ ಎಂದು ಹರಿದ ಕೊಡೆ ಹಿಡಿದು ಹೊರಡುವವರಿಲ್ಲ. ರಸ್ತೆಗಾಗಿ ಹೋರಾಟ ನಡೆಯಲಿ, ಮನವಿ ಸಲ್ಲಿಕೆಯಾಗಲಿ. ಅದು ಫಲಿಸುವವರೆಗೆ ಅದೇ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕಾಗಿದೆ.

ಎರಡನೆಯ ಮಾತು, 'ಕಾರು ಹಳೆಯದಾಯಿತು, ಮುಂದಿನ ವರ್ಷ ಮಾರುವುದೇ, ಈಗೇಕೆ ಖರ್ಚು?' ಮುಂದಿನ ವರ್ಷ ಮಾರುವ ಕಾರಿನಲ್ಲಿಯೇ ಈ ವರ್ಷ ಊರಿಗೆ ಹೋಗುವುದು ಎಂಬುದನ್ನು ಇವರು ಮರೆಯುತ್ತಾರೆ. ಸಣ್ಣ ಕಾರಿನ ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಬೆಲೆ ಸಾಮಾನ್ಯವಾಗಿ ನಾಲ್ಕು ಹೊಸ ಟಯರುಗಳ ಬೆಲೆಗಿಂತ ಕಡಿಮೆ. ಸವೆದ ಶಾಕ್ ಅಬ್ಸಾರ್ಬರ್ ಆ ಟಯರುಗಳನ್ನೇ ತಿಂದು ಹಾಕುತ್ತದೆ. ಬಾಲ್ ಜಾಯಿಂಟ್, ಬುಶ್, ಲಿಂಕ್ ರಾಡ್‌ಗಳೂ ಅದರ ಜೊತೆ ಸವೆಯುತ್ತವೆ. ಉಳಿಸಿದ ಹಣ ಬೇರೆ ದಾರಿಯಲ್ಲಿ ಹೋಗುತ್ತದೆ.

ಮೂರನೆಯ ಮಾತು, 'ಗ್ಯಾರೇಜಿನವರು ಸುಮ್ಮನೆ ಬಿಲ್ ಮಾಡುತ್ತಾರೆ' ಎಂಬುದು. ಇದರಲ್ಲಿಯೂ ಹುರುಳಿಲ್ಲದಿಲ್ಲ. ಇದಕ್ಕೆ ಮದ್ದು ಕೆಲಸವನ್ನೇ ಬಿಡುವುದಲ್ಲ, ಕೆಲಸವನ್ನು ಅರಿತು ಮಾಡಿಸುವುದು.

ಮಾಡಿಸುವುದಾದರೆ ಸರಿಯಾಗಿ ಮಾಡಿಸಬೇಕು

ಮೊದಲನೆಯದಾಗಿ, ಶಾಕ್ ಅಬ್ಸಾರ್ಬರ್ ಬದಲಿಸುವುದು ಜೋಡಿಯಾಗಿ. ಎಡಗಡೆಯದು ಸೋರುತ್ತಿದೆ, ಬಲಗಡೆಯದು ಚೆನ್ನಾಗಿದೆ ಎಂದು ಒಂದನ್ನೇ ಬದಲಿಸಿದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಸವೆದ ಚಪ್ಪಲಿ ಹಾಕಿ ಓಡಿದಂತೆ ಕಾರು ಒಂದು ಬದಿಗೆ ಎಳೆಯುತ್ತದೆ. ಸ್ಪ್ರಿಂಗಿಗೂ ಇದೇ ನಿಯಮ.

ಎರಡನೆಯದಾಗಿ, ಶಾಕ್ ಅಬ್ಸಾರ್ಬರ್ ಕಳಚಿದಾಗ ಸ್ಪ್ರಿಂಗ್ ಹೇಗೂ ಕೈಗೆ ಬರುತ್ತದೆ. ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್‌ಗಿಂತ ಹೆಚ್ಚು ಬಾಳುತ್ತದೆ, ಪ್ರತಿ ಸಲ ಬದಲಿಸಬೇಕೆಂದಿಲ್ಲ. ಆದರೆ ಪರೀಕ್ಷಿಸಲೇಬೇಕು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಇರುವ ಎತ್ತರವನ್ನು ಎರಡೂ ಕಡೆ ಟೇಪಿನಿಂದ ಅಳೆದರೆ ಯಾವ ಕಡೆ ಕುಸಿದಿದೆ ಎಂದು ಗೊತ್ತಾಗುತ್ತದೆ. ಸಮುದ್ರದ ಉಪ್ಪು ಗಾಳಿಯ ಮುಂಬಯಿಯಲ್ಲೂ ಕರಾವಳಿಯಲ್ಲೂ ಸ್ಪ್ರಿಂಗಿನ ಬಣ್ಣ ಎದ್ದು ತುಕ್ಕು ಹಿಡಿಯುವುದು ಸಾಮಾನ್ಯ. ಕೆಳಗಿನ ಕೊನೆಯ ಸುತ್ತು ತುಕ್ಕಿನಿಂದ ಮುರಿದಿದ್ದರೂ ಮೇಲಿನಿಂದ ಕಾಣುವುದಿಲ್ಲ. ಆ ಮುರಿದ ತುದಿ ಟಯರನ್ನೇ ಸೀಳಬಹುದು. ಕುಸಿದಿದ್ದರೆ, ಬಿರುಕು ಬಿಟ್ಟಿದ್ದರೆ, ಆಳವಾಗಿ ತುಕ್ಕು ತಿಂದಿದ್ದರೆ ಎರಡೂ ಸ್ಪ್ರಿಂಗ್‌ಗಳನ್ನು ಆಗಲೇ ಬದಲಿಸಬೇಕು. ಬಿಚ್ಚುವ ಕೂಲಿ ಒಂದೇ ಸಲದ್ದು, ಮುಂದಿನ ವರ್ಷ ಮತ್ತೆ ಬಿಚ್ಚಿಸಿದರೆ ಕೂಲಿ ಎರಡು ಸಲ. ಮೇಲಿನ ರಬ್ಬರ್ ಮೌಂಟಿಂಗ್, ಅದರ ಬೇರಿಂಗ್, ಬಂಪ್ ಸ್ಟಾಪರ್, ಧೂಳು ತಡೆಯುವ ರಬ್ಬರ್ ಬೂಟ್ ಇವುಗಳಿಗೂ ಇದೇ ಲೆಕ್ಕ. ಹರಿದ ಬೂಟನ್ನೇ ಮತ್ತೆ ಹಾಕಿದರೆ ಧೂಳು ನುಗ್ಗಿ ಹೊಸ ಸೀಲನ್ನು ಬೇಗನೆ ಕೆಡಿಸುತ್ತದೆ.

ಮೂರನೆಯದಾಗಿ, ಸರಿಯಾದ ನಂಬರಿನ ಭಾಗವನ್ನೇ ಹಾಕಬೇಕು. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್, ಡೀಸೆಲ್ ಮಾದರಿಗಳಿಗೆ ಬೇರೆ ಬೇರೆ ಸ್ಪ್ರಿಂಗ್ ಇರಬಹುದು, ಏಕೆಂದರೆ ಇಂಜಿನ್ನಿನ ಭಾರ ಬೇರೆ. ಎಡ, ಬಲ ಎಂದೂ ಬೇರೆ ಇರಬಹುದು. 1961ರಲ್ಲಿ ಆರಂಭವಾಗಿ ಮುಲುಂಡ್‌ನಲ್ಲಿ ಕಾರ್ಖಾನೆ ಹೊಂದಿದ್ದ ಗೇಬ್ರಿಯಲ್ ಇಂಡಿಯಾದಂಥ ಶಾಕ್ ಅಬ್ಸಾರ್ಬರ್ ತಯಾರಕರೂ, ಕಾರು ಕಂಪನಿಗಳೂ ಬಿಡಿಭಾಗಗಳಿಗೆ ನಂಬರು ಕೊಟ್ಟಿರುತ್ತಾರೆ. ಅಧಿಕೃತ ಅಂಗಡಿಯಿಂದ ನಂಬರು ನಮೂದಿಸಿದ ಬಿಲ್ಲಿನೊಡನೆ ಕೊಂಡರೆ ನಕಲಿ ಮಾಲಿನ ಭಯವೂ ಕಡಿಮೆ, ಗ್ಯಾರಂಟಿಯೂ ಸಿಗುತ್ತದೆ.

ನಾಲ್ಕನೆಯದಾಗಿ, ಇದು ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲ. ಕಾರಿನ ಭಾರ ಹೊರುವ ಸ್ಪ್ರಿಂಗನ್ನು ಕಂಪ್ರೆಸರ್ ಎಂಬ ಸಾಧನದಿಂದ ಅದುಮಿ ಹಿಡಿದೇ ಮೇಲಿನ ನಟ್ ಬಿಚ್ಚಬೇಕು. ಅದುಮದೆ ಬಿಚ್ಚಿದರೆ ಅಥವಾ ಸಾಧನ ಜಾರಿದರೆ ಸ್ಪ್ರಿಂಗ್ ಗುಂಡಿನಂತೆ ಹಾರಿ ಮುಖ ಮೂತಿ ಒಡೆಯಬಹುದು. ತಂತಿಯಿಂದ ಕಟ್ಟಿ ಬಿಚ್ಚುವ 'ಉಸ್ತಾದ್'ಗಳಿಂದ ದೂರ ಇರುವುದೇ ಲೇಸು. ನಟ್ ಬಿಗಿಯುವಾಗ ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿದರೆ ಅದರ ಮೇಲೆ ಗೀರು ಬೀಳುತ್ತದೆ, ಆ ಗೀರು ಸೀಲನ್ನು ಕತ್ತರಿಸಿ ಹೊಸ ಶಾಕ್ ಅಬ್ಸಾರ್ಬರ್ ಕೆಲವೇ ತಿಂಗಳಲ್ಲಿ ಸೋರುತ್ತದೆ. 'ಹೊಸತು ಹಾಕಿದರೂ ಆರು ತಿಂಗಳು' ಎಂಬ ದೂರಿಗೆ ರಸ್ತೆಯ ಜೊತೆ ಈ ಇಕ್ಕಳವೂ ಕಾರಣವಾಗಿರಬಹುದು. ಕೆಲಸ ನಡೆಯುವಾಗ ಯಜಮಾನರು ಎದುರಿಗಿದ್ದು ನೋಡುವುದರಲ್ಲಿ ತಪ್ಪಿಲ್ಲ. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆದು, ರಾಡನ್ನು ಒಳಗೆ ಒತ್ತಿ ನೋಡಬೇಕು. ತಡೆಯಿಲ್ಲದೆ ಸುಮ್ಮನೆ ಜಾರಿದರೆ ಅಥವಾ ನಡುವೆ ಎಲ್ಲೋ ಟೊಳ್ಳಾದಂತೆ ಕಂಡರೆ ಗ್ಯಾರೇಜಿನವರು ಹೇಳಿದ್ದು ಸತ್ಯ ಎಂಬ ಸಮಾಧಾನವಾದರೂ ಸಿಗುತ್ತದೆ.

ಕೊನೆಯದಾಗಿ, ಮುಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಚಕ್ರದ ಕೋನ ತಪ್ಪಿ ಟಯರಿನ ಒಂದು ಅಂಚು ಸವೆಯುತ್ತದೆ. ಈ ಎಲ್ಲ ಕೆಲಸವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ಎರಡು ವಾರ ಮುಂಚಿತವಾಗಿ ಮುಗಿಸಿ, ಪೇಟೆಯೊಳಗೆ ನೂರಿನ್ನೂರು ಕಿ.ಮೀ. ಓಡಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ ಹೊರಟರೆ ನಿಶ್ಚಿಂತೆ.

ಅಡ್ಡದಾರಿಗಳು ಬೇಡ

ಮಹಾನಗರದಲ್ಲಿ ಎಲ್ಲಕ್ಕೂ ಅಗ್ಗದ ದಾರಿಯಿದೆ. ಸೋರಿದ ಶಾಕ್ ಅಬ್ಸಾರ್ಬರ್‌ಗೆ ರಂಧ್ರ ಕೊರೆದು ಎಣ್ಣೆ ತುಂಬಿ ವೆಲ್ಡ್ ಮಾಡಿಕೊಡುವವರಿದ್ದಾರೆ. ಒಳಗಿನ ವಾಲ್ವ್ ಸವೆದಿರುವಾಗ ಎಣ್ಣೆ ತುಂಬಿ ಏನು ಪ್ರಯೋಜನ? ಕುಸಿದ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ ಕಾರನ್ನು ಎತ್ತರ ಮಾಡುವವರಿದ್ದಾರೆ. ಅದು ಜ್ವರ ಬಂದವರಿಗೆ ಪೌಡರು ಹಚ್ಚಿದಂತೆ. ರೋಗ ಹಾಗೇ ಉಳಿದು ಸ್ಪ್ರಿಂಗಿನ ಉಳಿದ ಸುತ್ತುಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಕುರ್ಲಾ ಕಡೆಯ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬಾಗಿಲು, ಬಂಪರು, ಕನ್ನಡಿ ಕೊಂಡರೆ ನಷ್ಟವೇನಿಲ್ಲ. ಆದರೆ ಎಷ್ಟು ಓಡಿದೆ, ಯಾವ ಅಪಘಾತ ಕಂಡಿದೆ ಎಂದು ಗೊತ್ತಿಲ್ಲದ ಹಳೆಯ ಶಾಕ್ ಅಬ್ಸಾರ್ಬರ್ ಅಲ್ಲಿಂದ ತರುವುದು ಸಲ್ಲದು.

ಭಾರದ ಬಗ್ಗೆಯೂ ಒಂದು ಮಾತು. ಊರಿಗೆ ಹೋಗುವಾಗ ಉಡುಗೊರೆಯ ಗಂಟು, ಬರುವಾಗ ಅಕ್ಕಿ ಮುಡಿ, ತೆಂಗಿನಕಾಯಿ, ಹಲಸಿನಹಣ್ಣು. ಹೊಸ ಶಾಕ್ ಅಬ್ಸಾರ್ಬರ್ ಹಾಕಿದ ಮಾತ್ರಕ್ಕೆ ಕಾರು ಲಾರಿಯಾಗುವುದಿಲ್ಲ. ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರ್ ಇರುವ ಕಾರಿನಲ್ಲಿ ಹಿಂಭಾಗ ಮೊದಲೇ ಭಾರ. ಇನ್ನೂ ತುಂಬಿದರೆ ಮೂತಿ ಮೇಲೆದ್ದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಯಲ್ಲಾಪುರ ದಾಟಿ ಅಂಕೋಲೆಯತ್ತ ಇಳಿಯುವ ಅರೆಬೈಲ್ ಘಾಟಿಯಲ್ಲಿ ಮುಂದಿನ ಚಕ್ರಗಳ ಹಿಡಿತವೇ ಕುಟುಂಬದ ಆಧಾರ.

ಸಂಘ-ಸಂಸ್ಥೆಗಳು ಮಾಡಬಹುದಾದ ಕೆಲಸ

ಮಹಾನಗರದ ಕನ್ನಡ ಸಂಘ-ಸಂಸ್ಥೆಗಳು, ಜಾತೀಯ ಸಂಘಟನೆಗಳು, ಅವುಗಳ ಸ್ಥಳೀಯ ಸಮಿತಿಗಳು ವರ್ಷವಿಡೀ ನಡೆಸುವ ಸಮಾಜಮುಖಿ ಕೆಲಸಗಳು ಶ್ಲಾಘನೀಯ. ವಿದ್ಯಾರ್ಥಿವೇತನ, ಪುಸ್ತಕ ವಿತರಣೆ, ರಕ್ತದಾನ, ನೇತ್ರ ತಪಾಸಣೆ, ಮಧುಮೇಹ ಮತ್ತು ಮೊಣಕಾಲು ತಪಾಸಣಾ ಶಿಬಿರಗಳಿಂದ ಎಷ್ಟೋ ಮಂದಿಗೆ ಉಪಕಾರವಾಗಿದೆ. ರೋಗ ಉಲ್ಬಣಿಸುವ ಮೊದಲೇ ಪತ್ತೆಯಾಗಬೇಕು ಎಂಬುದೇ ಈ ಶಿಬಿರಗಳ ಹಿಂದಿನ ಆಶಯ. ಆ ಆಶಯವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಮಾರ್ಚ್ ಕೊನೆಯಲ್ಲಿ ಒಂದು ಭಾನುವಾರ, ಚೌತಿಗೆ ಮೂರು ವಾರ ಮೊದಲು ಇನ್ನೊಂದು ಭಾನುವಾರ, ಊರಿಗೆ ಹೊರಡುವ ಸದಸ್ಯರ ಕಾರುಗಳಿಗೆ ತಪಾಸಣಾ ಶಿಬಿರ ಏರ್ಪಡಿಸುವುದು ಅಸಾಧ್ಯವಲ್ಲ.

ಇದಕ್ಕೆ ಸಭಾಗೃಹ ಬೇಡ, ವೇದಿಕೆ ಬೇಡ, ಶಾಲು-ಫಲಪುಷ್ಪ ಬೇಡ. ಒಂದು ಲಿಫ್ಟ್ ಇರುವ ಗ್ಯಾರೇಜು, ಇಬ್ಬರು ಅನುಭವಿ ಮೆಕ್ಯಾನಿಕರು, ಒಂದು ಟಾರ್ಚು, ಒಂದು ಅಳತೆ ಟೇಪು ಸಾಕು. ಸಮಾಜ ಬಾಂಧವರಲ್ಲಿ ವಾಹನ ಉದ್ಯಮದಲ್ಲಿ ದುಡಿದು ನಿವೃತ್ತರಾದವರು, ಗ್ಯಾರೇಜು ನಡೆಸುವವರು ಇದ್ದರೆ ಅವರ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ. ಶಿಬಿರದಲ್ಲಿ ರಿಪೇರಿ ಮಾಡಬಾರದು, ಮಾಲು ಮಾರಬಾರದು. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಬ್ರೇಕು, ಟಯರು, ಬೆಳಕು ಈ ಐದನ್ನು ನೋಡಿ ಚೀಟಿ ಬರೆದುಕೊಡಬೇಕು, ಅಷ್ಟೇ. ಆ ಚೀಟಿ ಹಿಡಿದು ಸದಸ್ಯರು ತಮಗೆ ಬೇಕಾದಲ್ಲಿ ಕೆಲಸ ಮಾಡಿಸಿಕೊಳ್ಳಲಿ. ಮಾಲು ಮಾರದವರು ಬರೆದ ಚೀಟಿಯ ಮೇಲೆ ನಂಬಿಕೆ ಇರುತ್ತದೆ. ಗ್ಯಾರೇಜಿನವರು ಮೋಸ ಮಾಡುತ್ತಾರೆ ಎಂಬ ದೂರಿಗೂ ಇದೇ ಉತ್ತರ. ಮಹಿಳಾ ವಿಭಾಗ ಮತ್ತು ಯುವ ವಿಭಾಗಗಳು ಇದರಲ್ಲಿ ಮುಂದಾಗಬೇಕು. ಈಗ ಕಾರು ಓಡಿಸುವವರಲ್ಲಿ ಹೆಣ್ಣುಮಕ್ಕಳೂ ಇದ್ದ ಮೇಲೆ ಬಾನೆಟ್ಟಿನ ಕೆಳಗಿನ ವಿಷಯ ಗಂಡಸರದ್ದು ಮಾತ್ರ ಎಂಬ ಭಾವನೆ ಹೋಗಬೇಕು.

ಊರಿನ ದಾರಿಯಲ್ಲಿ ಅವಘಡವಾದಾಗ ಮೊದಲು ಫೋನು ಹೋಗುವುದು ಸಂಘದ ಪದಾಧಿಕಾರಿಗಳಿಗೆ. ಆಸ್ಪತ್ರೆ, ಆ್ಯಂಬುಲೆನ್ಸ್, ಪೊಲೀಸ್ ಠಾಣೆ, ಊರಿಗೆ ಸುದ್ದಿ ಮುಟ್ಟಿಸುವುದು ಎಲ್ಲವನ್ನೂ ಅವರು ರಾತ್ರಿ ಹಗಲೆನ್ನದೆ ನಿಭಾಯಿಸುತ್ತಾರೆ. ಆಮೇಲೆ ಸಂತಾಪ ಸಭೆ, ಎರಡು ನಿಮಿಷದ ಮೌನ, ಕುಟುಂಬಕ್ಕೆ ನೆರವಿನ ನಿಧಿ. ಸಮಾಜದ ಒಗ್ಗಟ್ಟು ಅಲ್ಲಿ ಕಾಣುತ್ತದೆ, ನಿಜ. ಅದೇ ಒಗ್ಗಟ್ಟು ಒಂದು ತಿಂಗಳು ಮೊದಲು, ಒಂದು ಭಾನುವಾರ ಬೆಳಿಗ್ಗೆ, ಗ್ಯಾರೇಜಿನ ಲಿಫ್ಟಿನ ಕೆಳಗೆ ಟಾರ್ಚು ಹಿಡಿದು ನಿಲ್ಲುವಂತಾದರೆ ಕೆಲವು ಸಂತಾಪ ಸಭೆಗಳಾದರೂ ತಪ್ಪಬಹುದು.

ಮುಂದಿನ ಸಲ ಚಕ್ರದಡಿ ಲಿಂಬೆಹಣ್ಣು ಇಡಲು ಬಗ್ಗುವ ಮನೆಯ ಯಜಮಾನರು ಇನ್ನೊಂದು ಗೇಣು ಮೇಲಕ್ಕೂ ನೋಡಲಿ. ದೇವರ ಮೇಲಿನ ಭಾರ ದೇವರ ಮೇಲಿರಲಿ. ಕಾರಿನ ಭಾರ ಹೊರುವ ಸ್ಪ್ರಿಂಗು, ಅದರ ಕುಣಿತ ನಿಲ್ಲಿಸುವ ಶಾಕ್ ಅಬ್ಸಾರ್ಬರ್ ಗಟ್ಟಿಯಾಗಿವೆಯೇ ಎಂದು ನೋಡುವ ಭಾರ ಮಾತ್ರ ಅವರದೇ.